ತಿರುಗದ ಪಟರ್ ಕೊಂಡರೆ ಚೆಂಡು ಕುಳಿಗೆ ಬೀಳುತ್ತದೆಯೇ? ಗಾಲ್ಫ್ ಕೋಲಿನ ವಿನ್ಯಾಸದ ಹಿಂದಿರುವ ವಿಜ್ಞಾನ

ಗಾಲ್ಫ್ ಆಡುವವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ವಿಡಿಯೊ ಮತ್ತೆ ಮತ್ತೆ ಬರುತ್ತಿದೆ. ಒಬ್ಬರು ಎರಡು ಪಟರ್‌ಗಳನ್ನು ಸಡಿಲವಾಗಿ ಹಿಡಿದು ಅತ್ತಿತ್ತ ತೂಗುತ್ತಾರೆ. ಒಂದರ ತಲೆ ಬಾಗಿಲು ತೆರೆದು ಮುಚ್ಚಿದಂತೆ ತಿರುಗುತ್ತದೆ. ಇನ್ನೊಂದರದು ಸ್ವಲ್ಪವೂ ತಿರುಗದೆ ನೇರವಾಗಿ ಹೋಗಿ ಬರುತ್ತದೆ. ಯುಎಸ್ ಓಪನ್ ಗೆದ್ದದ್ದು ಇಂಥ ಪಟರ್‌ನಿಂದಲೇ, ಇದನ್ನು ಕೊಂಡರೆ ಚೆಂಡು ಕುಳಿ ತಪ್ಪುವ ಮಾತೇ ಇಲ್ಲ ಎಂಬ ಅರ್ಥದ ಬರಹ ಕೆಳಗೆ ಇರುತ್ತದೆ. ಓದುಗರೊಬ್ಬರು ಇದನ್ನು ನಮಗೆ ಕಳಿಸಿ, "ಇದಕ್ಕೆ ಅರ್ಧ ಲಕ್ಷ ರೂಪಾಯಿ ಕೊಡಬಹುದಾ?" ಎಂದು ಕೇಳಿದ್ದರು.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ವಿಡಿಯೊದಲ್ಲಿ ಕಾಣುವುದು ನಿಜ. ಅದರಿಂದ ತೆಗೆದ ತೀರ್ಮಾನ ಸರಿಯಲ್ಲ. ಈ ಎರಡರ ನಡುವಿನ ಅಂತರ ಅರ್ಥವಾಗಬೇಕಾದರೆ ಪಟರ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ತಿಳಿಯಬೇಕು.

ಪಟರ್ ಎಂದರೇನು?

ಗಾಲ್ಫ್ ನೋಡದವರಿಗಾಗಿ ಎರಡು ಮಾತು. ಚೆಂಡನ್ನು ದೂರಕ್ಕೆ ಹಾರಿಸಲು ಬೇರೆ ಬೇರೆ ಕೋಲುಗಳಿವೆ. ಕುಳಿಯ ಸುತ್ತ ಹುಲ್ಲನ್ನು ನುಣ್ಣಗೆ ಕತ್ತರಿಸಿದ ಜಾಗಕ್ಕೆ ಗ್ರೀನ್ ಎನ್ನುತ್ತಾರೆ. ಚೆಂಡು ಅಲ್ಲಿಗೆ ತಲುಪಿದ ಮೇಲೆ ಅದನ್ನು ಹಾರಿಸುವುದಿಲ್ಲ, ಉರುಳಿಸುತ್ತಾರೆ. ಹೀಗೆ ಉರುಳಿಸುವ ಕೋಲೇ ಪಟರ್, ಆ ಹೊಡೆತವೇ ಪಟ್. 18 ಕುಳಿಗಳ ಮೈದಾನದಲ್ಲಿ ಸಾಮಾನ್ಯವಾಗಿ 72 ಹೊಡೆತಗಳ ಲೆಕ್ಕವಿದ್ದರೆ, ಅದರಲ್ಲಿ ಕುಳಿಗೆ ಎರಡರಂತೆ 36 ಪಟ್‌ಗಳಿಗೇ ಮೀಸಲು. ಅಂದರೆ ಅರ್ಧ ಆಟ.

2021ರ ಆಗಸ್ಟ್ 7ರ ಶನಿವಾರ ಬೆಳಿಗ್ಗೆ ನಮ್ಮಲ್ಲಿ ಅನೇಕರು ಜೀವನದಲ್ಲಿ ಮೊದಲ ಬಾರಿಗೆ ಗಾಲ್ಫ್ ನೋಡಿದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಪದಕದ ಹೊಸ್ತಿಲಲ್ಲಿದ್ದರು. ಅದೇ ದಿನ ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ದದ್ದರಿಂದ ಬೆಳಗಿನ ಆಟ ಹಲವರಿಗೆ ಮರೆತೂ ಹೋಗಿರಬಹುದು. ಅದಿತಿಯ ಒಟ್ಟು ಸ್ಕೋರ್ 15 ಅಂಡರ್. ಎರಡನೇ ಮತ್ತು ಮೂರನೇ ಸ್ಥಾನಕ್ಕಾಗಿ ಸಮನಾಗಿದ್ದ ಇಬ್ಬರದು 16 ಅಂಡರ್. ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿತು. ಚೆಂಡನ್ನು ಬಹುದೂರ ಹೊಡೆಯುವವರ ಸಾಲಿನಲ್ಲಿ ಅದಿತಿ ಇರಲಿಲ್ಲ. ಆದರೂ ಅಷ್ಟು ಮೇಲಕ್ಕೆ ಅವರನ್ನು ಒಯ್ದದ್ದು ಮುಖ್ಯವಾಗಿ ಅವರ ಪಟ್ಟಿಂಗ್. ಹಾಗಾಗಿ ಈ ಕೋಲಿನ ಬಗ್ಗೆ ಆಟಗಾರರಿಗೆ ಇಷ್ಟು ಮೋಹ ಇರುವುದರಲ್ಲಿ ಅಚ್ಚರಿಯಿಲ್ಲ.

ಒಂದು ಡಿಗ್ರಿಯ ಲೆಕ್ಕ

ಗಾಲ್ಫ್ ಕುಳಿಯ ಅಗಲ 108 ಮಿಲಿಮೀಟರ್. ಚೆಂಡಿನ ಅಗಲ ಸುಮಾರು 43 ಮಿಲಿಮೀಟರ್. ಕುಳಿ ಚೆಂಡಿಗಿಂತ ಎರಡೂವರೆ ಪಟ್ಟು ದೊಡ್ಡದು ಎಂದಾಗ ಸುಲಭ ಅನ್ನಿಸುತ್ತದೆ. ಈಗ ಚೆಂಡು ಕುಳಿಯಿಂದ 3 ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಅದು ಹೊರಡುವ ದಿಕ್ಕು ಕೇವಲ 1 ಡಿಗ್ರಿ ತಪ್ಪಿದರೆ, ಕುಳಿಯ ಹತ್ತಿರ ಬರುವ ಹೊತ್ತಿಗೆ ನಡು ಗೆರೆಯಿಂದ 5.2 ಸೆಂಟಿಮೀಟರ್ ಆಚೆ ಇರುತ್ತದೆ. ಕುಳಿಯ ಮಧ್ಯದಿಂದ ಅಂಚಿಗೆ ಇರುವುದು 5.4 ಸೆಂಟಿಮೀಟರ್. ಅಂದರೆ ಚೆಂಡು ಅಂಚನ್ನು ಸವರಿಕೊಂಡು ಆಚೆ ಹೋಗುವ ಸಾಧ್ಯತೆಯೇ ಹೆಚ್ಚು.

1 ಡಿಗ್ರಿ ಎಂದರೆ ಎಷ್ಟು? ಗೋಡೆ ಗಡಿಯಾರದ ನಿಮಿಷದ ಮುಳ್ಳು 10 ಸೆಕೆಂಡಿನಲ್ಲಿ ಸರಿಯುವಷ್ಟು. ಕಣ್ಣಿಗೆ ಕಾಣುವುದೂ ಕಷ್ಟ.

ಚೆಂಡು ಹೊರಡುವ ದಿಕ್ಕನ್ನು ಯಾವುದು ನಿರ್ಧರಿಸುತ್ತದೆ? ಕೈ ಬೀಸಿದ ದಾರಿ ಎಂದು ಬಹಳ ಜನ ನಂಬಿದ್ದಾರೆ. ಅದರ ಪಾಲು ಕಡಿಮೆ. ಚೆಂಡಿಗೆ ತಾಗುವ ಗಳಿಗೆಯಲ್ಲಿ ಪಟರ್‌ನ ಮುಖ ಎತ್ತ ನೋಡುತ್ತಿತ್ತು ಎಂಬುದೇ ಹತ್ತರಲ್ಲಿ ಎಂಟು ಒಂಬತ್ತು ಪಾಲು ದಿಕ್ಕನ್ನು ನಿರ್ಧರಿಸುತ್ತದೆ. ಆ ತಾಗುವಿಕೆ ನಡೆಯುವುದು ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಹೊತ್ತು. ಆ ಚೂರು ಹೊತ್ತಿನಲ್ಲಿ ಮುಖ ನೆಟ್ಟಗಿರುವಂತೆ ಮಾಡುವುದೇ ಎಲ್ಲ ಪಟರ್ ವಿನ್ಯಾಸಗಳ ಹಿಂದಿರುವ ಹಟ.

ಹೀಗಾಗಿ ವೃತ್ತಿಪರರೂ ತಪ್ಪುತ್ತಾರೆ, ನಾವು ಊಹಿಸುವುದಕ್ಕಿಂತ ಹೆಚ್ಚಾಗಿ. ಅಮೆರಿಕದ ಪಿಜಿಎ ಟೂರ್ ಆಟಗಾರರ ಲಕ್ಷಾಂತರ ಹೊಡೆತಗಳ ದಾಖಲೆಯನ್ನು ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ವಿಶ್ಲೇಷಿಸಿದ್ದಾರೆ. ಅದರ ಪ್ರಕಾರ 8 ಅಡಿ ದೂರದಿಂದ ಅವರು ಕುಳಿಗೆ ಹಾಕುವುದು ಎರಡರಲ್ಲಿ ಒಂದು ಪಟ್ ಮಾತ್ರ. ಟಿವಿಯಲ್ಲಿ ನಮಗೆ ತೋರಿಸುವುದು ಮುನ್ನಡೆಯಲ್ಲಿರುವವರ ಆಟವನ್ನು. ಆ ವಾರ ಅವರ ಪಟ್‌ಗಳು ಬೀಳುತ್ತಿರುವುದರಿಂದಲೇ ಅವರು ಮುನ್ನಡೆಯಲ್ಲಿರುತ್ತಾರೆ.

'ಪಿಂಗ್' ಎಂದ ಪಟರ್

ಒಂದು ಕಾಲದ ಪಟರ್ ಎಂದರೆ ಕೋಲಿನ ತುದಿಗೆ ತೆಳು ಲೋಹದ ಪಟ್ಟಿ, ಅಷ್ಟೆ. ಇದನ್ನು ಬದಲಿಸಿದವರು ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರ್ ಕಾರ್‌ಸ್ಟನ್ ಸೋಲ್‌ಹೈಮ್. ಅವರು ಗಾಲ್ಫ್ ಹಿಡಿದದ್ದೇ ನಲವತ್ತು ದಾಟಿದ ಮೇಲೆ. ಪಟ್ ಸರಿ ಹೋಗುತ್ತಿರಲಿಲ್ಲ. ಕೈಯನ್ನು ಬೈದುಕೊಳ್ಳುವ ಬದಲು ಕೋಲಿನಲ್ಲಿ ತಪ್ಪು ಹುಡುಕಿದರು. ಐಸ್‌ಕ್ರೀಮ್ ಕಡ್ಡಿಗಳನ್ನೂ ಸಕ್ಕರೆ ಅಚ್ಚುಗಳನ್ನೂ ಅಂಟಿಸಿ ಮೊದಲ ಮಾದರಿ ಮಾಡಿ ನೋಡಿದರು ಎಂಬುದು ಗಾಲ್ಫ್ ಲೋಕದಲ್ಲಿ ಪ್ರಸಿದ್ಧ ಕತೆ. 1959ರಲ್ಲಿ ಬಂದ ಅವರ ಮೊದಲ ಪಟರ್ ಚೆಂಡಿಗೆ ತಾಗಿದಾಗ 'ಪಿಂಗ್' ಎಂದು ಸದ್ದು ಮಾಡುತ್ತಿತ್ತು. ಅದೇ ಕಂಪನಿಯ ಹೆಸರಾಯಿತು. 1966ರಲ್ಲಿ ಬಂದ 'ಆನ್ಸರ್' ಎಂಬ ಮಾದರಿಯ ಮೊದಲ ನಕ್ಷೆ ಬಿದ್ದದ್ದು ಗ್ರಾಮಫೋನ್ ರೆಕಾರ್ಡಿನ ಹೊದಿಕೆಯ ಮೇಲೆ. ಇಂದು ಅಂಗಡಿಯಲ್ಲಿ ಕಾಣುವ ಬ್ಲೇಡ್ ಪಟರ್‌ಗಳಲ್ಲಿ ಹೆಚ್ಚಿನವು ಇದರ ಮೊಮ್ಮಕ್ಕಳು. ಟೈಗರ್ ವುಡ್ಸ್ ಬಹುಕಾಲ ಬಳಸಿದ ಸ್ಕಾಟಿ ಕ್ಯಾಮೆರಾನ್ ಪಟರ್ ಕೂಡ ಇದೇ ಆಕಾರದ್ದು.

ಸೋಲ್‌ಹೈಮ್ ಮಾಡಿದ್ದೇನು? ತಲೆಯ ತೂಕವನ್ನು ನಡುವಿನಿಂದ ತೆಗೆದು ಎರಡು ತುದಿಗಳಿಗೆ ಹಂಚಿದರು. ಇದು ನಮಗೆ ಹೊಸದೇನಲ್ಲ. ದೊಂಬರಾಟದಲ್ಲಿ ಹಗ್ಗದ ಮೇಲೆ ನಡೆಯುವವರು ಉದ್ದನೆಯ ಗಳ ಹಿಡಿದಿರುತ್ತಾರಲ್ಲ, ತತ್ವ ಅದೇ. ತೂಕ ನಡುವಿನಿಂದ ದೂರ ಇದ್ದಷ್ಟೂ ಆ ವಸ್ತುವನ್ನು ತಿರುಗಿಸುವುದು ಕಷ್ಟ. ಕ್ರಿಕೆಟ್ ಆಡಿದವರಿಗೆ ಇನ್ನೊಂದು ಬದಿಯಿಂದ ಗೊತ್ತು: ಚೆಂಡು ಬ್ಯಾಟಿನ ನಡುವಿಗೆ ಬಿದ್ದರೆ ಕೈಗೆ ಹಿತ, ಅಂಚಿಗೆ ಬಿದ್ದರೆ ಬ್ಯಾಟ್ ಕೈಯಲ್ಲೇ ತಿರುಚಿಕೊಳ್ಳುತ್ತದೆ. ಪಟರ್‌ನ ನಡುವಿಗೆ ತಾಗದ ಚೆಂಡೂ ತಲೆಯನ್ನು ಹಾಗೆಯೇ ತಿರುಚುತ್ತದೆ. ಆಗ ದಿಕ್ಕೂ ಹಾಳು, ವೇಗವೂ ಕಡಿಮೆ. ತಿರುಚುವಿಕೆಯನ್ನು ತಡೆಯುವ ಈ ಗುಣಕ್ಕೆ ಜಾಹೀರಾತುಗಳಲ್ಲಿ 'ಎಂಒಐ' ಎನ್ನುತ್ತಾರೆ. ಅದು ಹೆಚ್ಚಿದ್ದಷ್ಟೂ ತಪ್ಪು ಜಾಗಕ್ಕೆ ತಾಗಿದ ಹೊಡೆತಕ್ಕೆ ಶಿಕ್ಷೆ ಕಡಿಮೆ.

ಈ ತತ್ವವನ್ನೇ ಹಿಗ್ಗಿಸಿದಾಗ ಬಂದದ್ದು ಮ್ಯಾಲೆಟ್. ಹಿಂದಕ್ಕೆ ಚಾಚಿದ, ನೋಡಲು ಸ್ವಲ್ಪ ವಿಚಿತ್ರವಾದ ದೊಡ್ಡ ತಲೆ. ಕೈಲಾಗದವರು ಮಾತ್ರ ಮ್ಯಾಲೆಟ್ ಹಿಡಿಯುತ್ತಾರೆ ಎಂಬ ಮಾತು ಇಂದಿಗೂ ಕ್ಲಬ್‌ಗಳಲ್ಲಿ ಕೇಳುತ್ತದೆ. ಇದು ಶುದ್ಧ ಜಂಬದ ಮಾತು. ಜ್ಯಾಕ್ ನಿಕ್ಲಾಸ್ 1986ರಲ್ಲಿ, ತಮ್ಮ 46ನೇ ವಯಸ್ಸಿನಲ್ಲಿ, ಮಾಸ್ಟರ್ಸ್ ಗೆದ್ದಾಗ ಕೈಯಲ್ಲಿದ್ದದ್ದು ಜನ ನೋಡಿ ನಕ್ಕಿದ್ದಂಥ ದೊಡ್ಡ ತಲೆಯ ಪಟರ್. ವಿಶ್ವದ ಮೊದಲ ಕ್ರಮಾಂಕದ ಸ್ಕಾಟಿ ಶೆಫ್ಲರ್ 2024ರ ಮಾರ್ಚ್‌ನಲ್ಲಿ ಬ್ಲೇಡ್ ಬಿಟ್ಟು ಮ್ಯಾಲೆಟ್ ಹಿಡಿದು ಮೊದಲ ಟೂರ್ನಿಯಲ್ಲೇ ಗೆದ್ದರು.

ಆದರೆ ಗಮನಿಸಿ. ಎಂಒಐ ತಡೆಯುವುದು ಚೆಂಡು ನಡುವಿಗೆ ತಾಗದಿದ್ದಾಗ ಆಗುವ ತಿರುಚುವಿಕೆಯನ್ನು. ನೀವೇ ಮುಖವನ್ನು ತಪ್ಪು ದಿಕ್ಕಿಗೆ ಇಟ್ಟು ಹೊಡೆದರೆ ಅದನ್ನು ಯಾವ ಎಂಒಐ ಕೂಡ ತಿದ್ದುವುದಿಲ್ಲ. ಮೇಲೆ ಹೇಳಿದ ಒಂದು ಡಿಗ್ರಿ ಹಾಗೆಯೇ ಉಳಿಯುತ್ತದೆ. ಜಾಹೀರಾತುಗಳು ಮುಚ್ಚಿಡುವುದು ಬಹುಪಾಲು ಇಲ್ಲೇ.

ಹಾಗಾದರೆ ಆ ವಿಡಿಯೊ?

ಪಟರ್‌ನ ದಂಡವನ್ನು ಬೆರಳ ಮೇಲೆ ಅಡ್ಡಲಾಗಿ ಇಟ್ಟು ತೂಗಿ ನೋಡಿ. ಕೆಲವು ಪಟರ್‌ಗಳ ಮುಖ ಆಕಾಶ ನೋಡುತ್ತ ಸಮವಾಗಿ ನಿಲ್ಲುತ್ತದೆ. ಇನ್ನು ಕೆಲವುಗಳ ಹೊರತುದಿ ನೆಲದ ಕಡೆ ಜೋತುಬೀಳುತ್ತದೆ. ಈ ಹೊರತುದಿಗೆ ಆಟಗಾರರು ಟೋ ಎನ್ನುತ್ತಾರೆ, ಜೋತುಬೀಳುವುದಕ್ಕೆ ಟೋ ಹ್ಯಾಂಗ್ ಎನ್ನುತ್ತಾರೆ. ದಂಡದ ನೇರಕ್ಕೂ ತಲೆಯ ತೂಕದ ಕೇಂದ್ರಕ್ಕೂ ಅಂತರ ಇದ್ದಾಗ ಹೀಗಾಗುತ್ತದೆ. ಅಂಥ ಪಟರ್ ಬೀಸಿದಾಗ ತಲೆಗೆ ತಿರುಗುವ ಪ್ರವೃತ್ತಿ ಇರುತ್ತದೆ. ಈ ಅಂತರವನ್ನು ಇಲ್ಲವಾಗಿಸಿದರೆ, ಅಥವಾ ಆಟಗಾರ ಹಿಡಿಯುವ ಓರೆಯಲ್ಲೇ ತಲೆ ತೂಗದಂತೆ ಸಮತೂಕ ಮಾಡಿದರೆ, ತಿರುಗುವ ಪ್ರವೃತ್ತಿ ಹೋಗುತ್ತದೆ. ಇವೇ 'ಝೀರೊ ಟಾರ್ಕ್' ಪಟರ್‌ಗಳು. ಎಲ್‌.ಎ.ಬಿ. ಗಾಲ್ಫ್ ಎಂಬ ಸಣ್ಣ ಅಮೆರಿಕನ್ ಕಂಪನಿ ಇವನ್ನು ಜನಪ್ರಿಯಗೊಳಿಸಿತು. ಈಗ ದೊಡ್ಡ ಕಂಪನಿಗಳೂ ಹಿಂದೆ ಬಿದ್ದಿವೆ. 2023ರಲ್ಲಿ ಲೂಕಾಸ್ ಗ್ಲೋವರ್ ಇಂಥ ಪಟರ್‌ನಿಂದ ಸತತ ಎರಡು ಟೂರ್ನಿ ಗೆದ್ದರು. 2025ರ ಯುಎಸ್ ಓಪನ್‌ನ ಕೊನೆಯ ಕುಳಿಯಲ್ಲಿ ಜೆ.ಜೆ. ಸ್ಪಾನ್ 64 ಅಡಿ ದೂರದ ಪಟ್ ಹಾಕಿ ಗೆದ್ದದ್ದೂ ಇಂಥದ್ದರಿಂದಲೇ.

ಆದ್ದರಿಂದ ವಿಡಿಯೊದಲ್ಲಿ ಮೋಸವಿಲ್ಲ. ಆದರೆ ಅಲ್ಲಿ ಪಟರ್ ಅನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದಿದ್ದಾರೆ. ಆಟದಲ್ಲಿ ನೀವು ಎರಡೂ ಕೈಯಲ್ಲಿ ಹಿಡಿಯುತ್ತೀರಿ. ತಲೆ ತಿರುಗಿಸಲು ಬೇಕಾದ ಬಲ ಸಣ್ಣದು, ಕೈ ಅದನ್ನು ಅರಿವಿಲ್ಲದೆಯೇ ತಡೆಯುತ್ತದೆ. ಹಾಗೆ ತಡೆಯುವುದೇ ಕೆಲವರಿಗೆ ತೊಂದರೆ, ಮುಖ್ಯವಾಗಿ ಹತ್ತಿರದ ಪಟ್‌ಗಳಲ್ಲಿ ಕೈ ನಡುಗುವವರಿಗೆ. ಅಂಥವರಿಗೆ ಝೀರೊ ಟಾರ್ಕ್ ನೆಮ್ಮದಿ ಕೊಡಬಹುದು. ವರ್ಷಗಟ್ಟಲೆ ಟೋ ಹ್ಯಾಂಗ್ ಪಟರ್‌ಗೆ ಕೈ ಪಳಗಿದವರಿಗೆ ಅದು ನಿರ್ಜೀವ ಅನ್ನಿಸಲೂಬಹುದು. ತಿರುಗದ ಪಟರ್ ತಪ್ಪು ಗುರಿ ಇಟ್ಟರೆ ತಪ್ಪಿನ ಕಡೆಗೇ ನೇರವಾಗಿ ಹೋಗುತ್ತದೆ. ಹಸಿರಿನ ಇಳಿಜಾರು ಎತ್ತ, ಚೆಂಡಿಗೆ ಎಷ್ಟು ವೇಗ ಬೇಕು ಎಂಬುದನ್ನಂತೂ ಯಾವ ಪಟರ್ ಕೂಡ ಹೇಳಿಕೊಡುವುದಿಲ್ಲ.

ಚಾಂಪಿಯನ್ ಬಳಸಿದ್ದು ನಮಗೂ ಒಳ್ಳೆಯದಲ್ಲವೇ?

ಯುಎಸ್ ಓಪನ್‌ನಲ್ಲಿ ಆಡುವವರು 156 ಜನ. ಗೆಲ್ಲುವವರು ಒಬ್ಬರು. ಗೆದ್ದವರ ಪಟರ್ ಮಾತ್ರ ಫಾರ್ವರ್ಡ್ ಆಗುತ್ತದೆ. ಕೂದಲೆಣ್ಣೆಯ ಜಾಹೀರಾತಿನಲ್ಲಿ ದಟ್ಟ ಕೂದಲಿನವರನ್ನೇ ನಿಲ್ಲಿಸುವ ಹಾಗೆ.

ಇನ್ನೊಂದು ಸೂಕ್ಷ್ಮವಿದೆ. ಜನ ಪಟರ್ ಬದಲಿಸುವುದು ಯಾವಾಗ? ಆಟ ತೀರಾ ಕೆಟ್ಟಾಗ. ಕೆಟ್ಟ ದಿನಗಳ ನಂತರ ಏನೂ ಮಾಡದಿದ್ದರೂ ಆಟ ತನ್ನ ಸರಾಸರಿಗೆ ಮರಳುವ ಸಂಭವವೇ ಹೆಚ್ಚು. ಆ ಹೊತ್ತಿಗೆ ಕೈಯಲ್ಲಿ ಹೊಸ ಪಟರ್ ಇದ್ದರೆ ಶ್ರೇಯಸ್ಸು ಅದಕ್ಕೆ. ಜ್ವರ ಇಳಿಯುವ ಹಿಂದಿನ ದಿನ ಕಟ್ಟಿಸಿಕೊಂಡ ತಾಯಿತದ ಕತೆ ಇದೇ ತಾನೆ?

ನಂಬಿಕೆಗೂ ಒಂದಿಷ್ಟು ಪಾಲಿದೆ. 2011ರಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಸುಮಾರು 40 ಜನರಿಗೆ ಒಂದೇ ಪಟರ್ ಕೊಟ್ಟರು. ಅರ್ಧ ಜನರಿಗೆ ಮಾತ್ರ, ಇದು 2003ರ ಬ್ರಿಟಿಷ್ ಓಪನ್ ವಿಜೇತ ಬೆನ್ ಕರ್ಟಿಸ್ ಅವರದಾಗಿತ್ತು ಎಂದು ಹೇಳಿದರು. ಹಾಗೆ ನಂಬಿದವರ ಕಣ್ಣಿಗೆ ಕುಳಿ ದೊಡ್ಡದಾಗಿ ಕಂಡಿತು. ಅವರು ಹೆಚ್ಚು ಪಟ್‌ಗಳನ್ನೂ ಹಾಕಿದರು. ಇದು ಸಣ್ಣ ಅಧ್ಯಯನ, ಅದರ ಮೇಲೆ ದೊಡ್ಡ ಮಹಲು ಕಟ್ಟುವುದು ಬೇಡ. ಆದರೂ ಹೊಸ ಪಟರ್‌ನ ಮೊದಲ ವಾರದ ಪವಾಡಕ್ಕೆ ಲೋಹವೇ ಕಾರಣ ಎಂದುಕೊಳ್ಳುವ ಮೊದಲು ಇದನ್ನು ನೆನಪಿಡಬೇಕು.

ಬ್ರಾಡಿಯವರ ವಿಶ್ಲೇಷಣೆಯ ಇನ್ನೊಂದು ಫಲಿತಾಂಶ ಅನೇಕರಿಗೆ ಇಷ್ಟವಾಗಲಿಲ್ಲ. ಗಾಲ್ಫ್‌ನಲ್ಲಿ ದುಡ್ಡು ತರುವುದು ಪಟ್ಟಿಂಗ್, ದೂರದ ಹೊಡೆತ ಬರೀ ಪ್ರದರ್ಶನಕ್ಕೆ ಎಂಬ ಹಳೆಯ ನಂಬಿಕೆಯಿದೆ. ಆದರೆ ಅಗ್ರ ಆಟಗಾರರಿಗೂ ಉಳಿದವರಿಗೂ ಇರುವ ವ್ಯತ್ಯಾಸದಲ್ಲಿ ಪಟ್ಟಿಂಗ್‌ನ ಪಾಲು ಶೇ 15ರಷ್ಟು ಮಾತ್ರ ಎಂದು ಅವರು ಕಂಡುಕೊಂಡರು. ಬಹುಪಾಲು ವ್ಯತ್ಯಾಸ ಬರುವುದು ದೂರದ ಹೊಡೆತಗಳಿಂದ. ಎಲ್ಲರೂ 30ರ ಆಸುಪಾಸು ಪಟ್‌ಗಳನ್ನು ಹೊಡೆಯುತ್ತಾರೆ, ವ್ಯತ್ಯಾಸಕ್ಕೆ ಜಾಗವೇ ಕಡಿಮೆ.

'ಚೆಂಡು ಜಾರುವುದಿಲ್ಲ, ತಕ್ಷಣ ಉರುಳುತ್ತದೆ'

ಮುಖದ ಮೇಲೆ ಗೀರುಗಳು ಅಥವಾ ಮೆತ್ತನೆಯ ಪದರ ಇರುವ ಪಟರ್‌ಗಳಿಗೆ ಈ ಮಾತು ಹೇಳುತ್ತಾರೆ. ಕೇರಂ ಸ್ಟ್ರೈಕರ್ ಜಾರುವಂತೆ, ಹೊಡೆದ ಚೆಂಡು ಮೊದಲು ಸ್ವಲ್ಪ ದೂರ ಜಾರಿಯೇ ಜಾರುತ್ತದೆ. ಹುಲ್ಲಿನ ಘರ್ಷಣೆಯಿಂದ ನಿಧಾನವಾಗಿ ಉರುಳತೊಡಗುತ್ತದೆ. ಸುತ್ತದೆ ಹೊರಟ ಗಟ್ಟಿ ಗೋಳ ಪೂರ್ತಿ ಉರುಳುವ ಹೊತ್ತಿಗೆ ಅದರ ವೇಗ ಆರಂಭದ ವೇಗದ ಏಳರಲ್ಲಿ ಐದು ಪಾಲಿಗೆ ಇಳಿದಿರುತ್ತದೆ. ಇದು ಕಾಲೇಜಿನ ಭೌತಶಾಸ್ತ್ರ ಪುಸ್ತಕದ ಲೆಕ್ಕ. ಮುಖದ ವಿನ್ಯಾಸ ಈ ಜಾರುವಿಕೆಯನ್ನು ತುಸು ಕಡಿಮೆ ಮಾಡಬಹುದು, ಇಲ್ಲವಾಗಿಸಲಾರದು. ಅದಕ್ಕಿಂತ ಮುಖ್ಯವಾದದ್ದು ಮುಖದ ಓರೆ. ಹುಲ್ಲಿನಲ್ಲಿ ಚೆಂಡು ತುಸು ಹೂತು ಕೂತಿರುತ್ತದೆ. ಅದನ್ನು ಆ ತಗ್ಗಿನಿಂದ ಎತ್ತಲು ಪಟರ್‌ಗಳಿಗೆ ಸಾಮಾನ್ಯವಾಗಿ 2ರಿಂದ 4 ಡಿಗ್ರಿ ಓರೆ ಕೊಟ್ಟಿರುತ್ತಾರೆ.

'ಉದ್ದನೆಯ ಪಟರ್ ನಿಷೇಧವಾಗಿದೆ' ಎಂಬ ಫಾರ್ವರ್ಡ್ ಕೂಡ ತಪ್ಪು. 2016ರ ಜನವರಿ 1ರಿಂದ ನಿಷೇಧವಾದದ್ದು ಪಟರ್‌ನ ಹಿಡಿಕೆಯನ್ನು ಹೊಟ್ಟೆಗೋ ಎದೆಗೋ ಊರಿಕೊಂಡು ಹೊಡೆಯುವ ಪದ್ಧತಿ. ಮೈಗೆ ಊರದಿದ್ದರೆ ಎಷ್ಟು ಉದ್ದದ್ದನ್ನಾದರೂ ಬಳಸಬಹುದು.

ಕೊಳ್ಳುವಾಗ ಏನು ನೋಡಬೇಕು?

ಮೊದಲು ಉದ್ದ. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ 33ರಿಂದ 35 ಇಂಚಿನವು. ನಿಮ್ಮ ಎತ್ತರವನ್ನಷ್ಟೇ ಕೇಳಿ ಉದ್ದ ಹೇಳುವವರನ್ನು ಪೂರ್ತಿ ನಂಬಬೇಡಿ. ಎಷ್ಟು ಬಾಗುತ್ತೀರಿ, ತೋಳು ಎಷ್ಟು ಉದ್ದ ಎಂಬುದೂ ಸೇರುತ್ತದೆ. ನಿಮಗೆ ಹಿತವಾಗುವಷ್ಟು ಬಾಗಿ, ತೋಳುಗಳನ್ನು ಸಡಿಲವಾಗಿ ಇಳಿಬಿಡಿ. ಅಂಗೈ ನಿಂತಲ್ಲಿಗೆ ಹಿಡಿಕೆ ಬರಬೇಕು. ಆಗ ಕಣ್ಣು ಚೆಂಡಿನ ನೇರ ಮೇಲೆ ಅಥವಾ ತುಸು ಈಚೆ ಇದ್ದರೆ ಸರಿ. ಮೂಗಿನ ಬಳಿಯಿಂದ ಒಂದು ನಾಣ್ಯ ಬೀಳಿಸಿದರೆ ಗೊತ್ತಾಗುತ್ತದೆ. ಹಳೆಯ ಸಲಹೆಯಾದರೂ ಕೆಲಸ ಮಾಡುತ್ತದೆ.

ಪಟರ್ ನೆಲದ ಮೇಲೆ ಪೂರ್ತಿ ಸಮವಾಗಿ ಕೂರದೆ ಒಂದು ತುದಿ ಸ್ವಲ್ಪ ಎದ್ದಿದೆ ಎಂದು ಕೆಲವರು ಬಹಳ ತಲೆ ಕೆಡಿಸಿಕೊಳ್ಳುತ್ತಾರೆ. ಬೇರೆ ಕೋಲುಗಳಲ್ಲಿ ಇದು ದಿಕ್ಕನ್ನು ಕೆಡಿಸುತ್ತದೆ. ಪಟರ್‌ನ ಮುಖದ ಓರೆ ಅಷ್ಟು ಕಡಿಮೆಯಿರುವುದರಿಂದ ಪರಿಣಾಮ ಅತ್ಯಲ್ಪ.

ನಂತರ ಗುರಿ. ತಲೆಯ ಮೇಲೆ ಗೆರೆ, ಚುಕ್ಕೆ, ಚೆಂಡಿನಾಕಾರದ ವೃತ್ತ ಹೀಗೆ ಏನೇನೋ ಇರುತ್ತವೆ. ಯಾವುದು ಒಳ್ಳೆಯದು ಎಂಬುದಕ್ಕೆ ಎಲ್ಲರಿಗೂ ಹೊಂದುವ ಉತ್ತರವಿಲ್ಲ. ಒಂದೇ ಪಟರ್ ಅನ್ನು ಒಬ್ಬರು ಎಡಕ್ಕೆ, ಇನ್ನೊಬ್ಬರು ಬಲಕ್ಕೆ ಗುರಿ ಇಡುತ್ತಾರೆ, ಇಬ್ಬರಿಗೂ ನೆಟ್ಟಗಿದೆ ಎಂದೇ ಅನ್ನಿಸುತ್ತದೆ. ನಮ್ಮ ತಂಡದಲ್ಲಿ ಗಾಲ್ಫ್ ಆಡುವವರು ಒಬ್ಬರೇ. ಅವರ ಎರಡು ಪಟರ್‌ಗಳನ್ನು ಕಚೇರಿಯ ನೆಲದ ಟೈಲ್ ಗೆರೆಯ ಮೇಲೆ ಇಟ್ಟು ಎಲ್ಲರೂ ಗುರಿ ಇಟ್ಟೆವು. ಹಿಂದಿನಿಂದ ಫೋನಿನಲ್ಲಿ ಫೋಟೊ ತೆಗೆದು ನೋಡಿದಾಗ ಅವರದೇ ದುಬಾರಿ ಬ್ಲೇಡ್ ಬಲಕ್ಕೆ ನೋಡುತ್ತಿತ್ತು. ಹತ್ತು ವರ್ಷದಿಂದ ಅವರು ಅದನ್ನು ಬಿಟ್ಟುಕೊಟ್ಟಿರಲಿಲ್ಲ. ಅಂಗಡಿಯಲ್ಲೂ ಹೀಗೆ ನೋಡಬಹುದು. ಉಕ್ಕಿನ ಸ್ಕೇಲ್ ಒಂದಿದ್ದರೆ ಅದರ ತುದಿಯಲ್ಲಿ ಚೆಂಡಿಟ್ಟು ಉರುಳಿಸಿ. ಇನ್ನೊಂದು ತುದಿಯವರೆಗೆ ಬೀಳದೆ ಹೋದರೆ ಮುಖ ನೆಟ್ಟಗಿತ್ತು ಎಂದರ್ಥ. ಎರಡು ಮೂರು ಪಟರ್‌ಗಳಲ್ಲಿ ಇಪ್ಪತ್ತಿಪ್ಪತ್ತು ಸಲ ಮಾಡಿ, ಬರೆದಿಟ್ಟುಕೊಳ್ಳಿ. ಬೆಲೆಯ ಚೀಟಿಯನ್ನು ಆಮೇಲೆ ನೋಡಿ.

ಟೋ ಹ್ಯಾಂಗ್ ಬಗ್ಗೆ ಅಂಗಡಿಯವರು ಹೇಳುವ ಸೂತ್ರ ಒಂದಿದೆ: ಕಮಾನಿನಂತೆ ಬೀಸುವವರಿಗೆ ಜೋತುಬೀಳುವ ಪಟರ್, ನೇರ ಬೀಸುವವರಿಗೆ ಸಮತೂಕದ್ದು. ಹುಡುಕಾಟ ಆರಂಭಿಸಲು ಇದು ಸಾಕು, ಕಟ್ಟಳೆಯೆಂದು ಹಿಡಿಯಬೇಕಿಲ್ಲ. ಸ್ಕೇಲ್ ಹೇಳಿದ್ದಕ್ಕೂ ಸೂತ್ರಕ್ಕೂ ಜಗಳ ಬಂದರೆ ನಾವು ಸ್ಕೇಲಿನ ಕಡೆ.

ಕೊನೆಯದಾಗಿ, ಮಕ್ಕಳನ್ನು ಗಾಲ್ಫ್ ತರಬೇತಿಗೆ ಸೇರಿಸಿದ ತಂದೆ ತಾಯಂದಿರು ಆಗಾಗ ಕೇಳುವ ಪ್ರಶ್ನೆ. ಮನೆಯಲ್ಲಿರುವ ದೊಡ್ಡವರ ಪಟರ್ ಅನ್ನು ಕತ್ತರಿಸಿ ಕೊಡಬಹುದೇ? ಕೊಡಬಹುದು, ನಿಯಮದ ಅಡ್ಡಿಯಿಲ್ಲ, ಒಟ್ಟು ಉದ್ದ 18 ಇಂಚಿಗಿಂತ ಕಡಿಮೆಯಾಗಬಾರದು ಅಷ್ಟೆ. ಆದರೆ ದಂಡ ಕತ್ತರಿಸಿದಾಗ ಪಟರ್‌ನ ತೂಗಾಟ ಬದಲಾಗುತ್ತದೆ, ತಲೆ ಇರುವುದೇ ಗೊತ್ತಾಗದಷ್ಟು ಹಗುರ ಅನ್ನಿಸಬಹುದು. ಆಗ ತಲೆಯ ಕೆಳಗೆ ಅಂಟಿಸುವ ಸೀಸದ ಪಟ್ಟಿ ಸಿಗುತ್ತದೆ, ಹೆಚ್ಚು ಖರ್ಚಿಲ್ಲ. ಸೀಸ ವಿಷಕಾರಿ, ಆದ್ದರಿಂದ ಅಂಟಿಸುವ ಕೆಲಸ ದೊಡ್ಡವರೇ ಮಾಡಿ, ಆಮೇಲೆ ಕೈ ತೊಳೆದುಕೊಳ್ಳಿ. ಒಂದೇ ಸಲ ಪೂರ್ತಿ ಕತ್ತರಿಸದೆ ಅರ್ಧ ಇಂಚಿನಂತೆ ಕತ್ತರಿಸುತ್ತಾ ಮಗುವಿನ ಕೈಗೆ ಕೊಟ್ಟು ನೋಡಿ.